ಡಬ್ಬದೊಳಗಿನ ತೆನೆ

ಮುಚ್ಚಳ ತೆಗೆದರೆ ಕಾಣುತ್ತದೆ ಎಂದು ಗೊತ್ತಿದ್ದರಿಂದಲೇ ಶೀಲಾವತಿ ಡಾಲ್ಡಾ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಸುಮ್ಮನೆ ಕೂತಿದ್ದಳು. ಒಲೆಯ ಮೇಲೆ ಗಂಜಿಗೆಂದು ಇಟ್ಟ ನೀರು ಕುದಿದು ಕುದಿದು ಅರ್ಧಕ್ಕೆ ಇಳಿದಿತ್ತು. ಡಬ್ಬದಲ್ಲಿ ಇದ್ದದ್ದು ಎರಡು ಸೇರು ರೇಶನ್ ಅಕ್ಕಿ, ಅದರ ಮೇಲೆ ಮಾವಿನೆಲೆ ಹಲಸಿನೆಲೆ ಸುತ್ತಿದ ಏಳು ಭತ್ತದ ತೆನೆ. ನಿನ್ನೆ ಬೆಳಿಗ್ಗೆ ಅವು ಅರ್ಧ ಗಂಟೆ ಬಾಗಿಲ ಮೇಲಿದ್ದವು. ಆಮೇಲೆ ಅವಳೇ ತುದಿಗಾಲಲ್ಲಿ ನಿಂತು ಬಿಚ್ಚಿ, ಕೈಗೆ ಸಿಕ್ಕಿದ ಡಬ್ಬಕ್ಕೆ ತುರುಕಿ, ಮುಚ್ಚಳದ ಮೇಲೆ ಒಂದು ಕಲ್ಲು ಬೇರೆ ಇಟ್ಟಿದ್ದಳು, ತೆನೆಗಳು ತಾವಾಗಿ ಎದ್ದು ಅಂಗಳಕ್ಕೆ ಓಡಿಬಿಡುತ್ತವೇನೋ ಎಂಬ ಹಾಗೆ. ಒಮ್ಮೆ ಕಟ್ಟಿದ ತೆನೆಯನ್ನು ಮುಂದಿನ ವರ್ಷದ ತೆನೆ ಬರುವವರೆಗೆ ಬಿಚ್ಚಬಾರದು ಎಂದು ಅಮ್ಮ ಹೇಳುತ್ತಿದ್ದಳು. ಬಿಚ್ಚಿದರೆ ಏನಾಗುತ್ತದೆ ಎಂದು ಮಾತ್ರ ಹೇಳಿರಲಿಲ್ಲ. ಬಿಚ್ಚುವವರೂ ಇರುತ್ತಾರೆ ಎಂದು ಅವಳಿಗೆ ತೋಚಿಯೇ ಇರಲಿಲ್ಲವೇನೋ.

ಅವಳು ಒಲೆಯಿಂದ ಕೊಳ್ಳಿ ಹಿಂದಕ್ಕೆಳೆದು ಕೊಡ ಎತ್ತಿಕೊಂಡಳು. ಗಂಜಿ ಆಮೇಲೆ ಆದೀತು. ಹೊರಗೆ ಮಳೆ ಮುಗಿದ ಬಿಸಿಲು. ಗುಡಿಸಲಿನ ಹಿಂದೆಯೇ ಜಾಗ ಕೊಟ್ಟ ಮುದುಕಿ ಸಕರಿ ಆಯಿಯ ಗದ್ದೆ, ಗದ್ದೆ ಮುಗಿದಲ್ಲಿ ಗುಡ್ಡ, ಗುಡ್ಡದ ಮೇಲೆ ಕಾಡು. ಆ ಕಾಡು ಎಲ್ಲಿಯವರೆಗೆ ಹೋಗುತ್ತದೋ ಪಾಡಾದ, ಈ ಆದಿವಾಸಿ ಹಾಡಿಯ, ಹನ್ನೆರಡು ಮನೆಯ ವಾರಲಿಗಳಿಗೆ ಗೊತ್ತಿರಬಹುದು, ಅವಳಿಗೆ ಗೊತ್ತಿಲ್ಲ. ಈ ಕಡೆ ಇಳಿದರೆ ಎಮ್ಮೆಗಳ ತಬೇಲಾ, ಕಲ್ಲಿನ ಕ್ವಾರಿ, ಆಮೇಲೆ ಹೊಸ ಕಾರ್ಖಾನೆಗಳ ತಗಡಿನ ಮಾಡು, ಒಂದು ಗಂಟೆ ನಡೆದರೆ ಕಾಂದಿವಲಿ ಸ್ಟೇಷನ್. ಮದುವೆಯಾಗಿ ಮುಂಬಯಿಗೆ ಹೊರಟಾಗ ಊರಿನ ಹುಡುಗಿಯರೆಲ್ಲ, ನಿನಗೇನು ಮಾರಾಯ್ತಿ, ಕರೆಂಟು ದೀಪ, ಮನೆಯೊಳಗೇ ನಲ್ಲಿ ಎಂದು ಹೊಟ್ಟೆ ಉರಿಸಿಕೊಂಡಿದ್ದರು. ಬಂದು ನೋಡಿದರೆ ಬಾವಿ, ಗದ್ದೆ, ಸಂಜೆಯಾದರೆ ಚಿರತೆ ಬಂತೆಂದು ಡಬ್ಬ ಬಡಿಯುವ ಜನ. ಮೊದಲ ದಿನ ಅವಳಿಗೆ ನಗುವೇ ಬಂದಿತ್ತು. ಗಂಡ ಕಾಂತಪ್ಪ ಮಾತ್ರ ತಪ್ಪು ಮಾಡಿದವನ ಹಾಗೆ ನಿಂತು, “ಚಾಳಿನಲ್ಲಿ ಒಂದು ಖೋಲಿ ಆಗುವವರೆಗೆ ಅಷ್ಟೇ” ಎಂದಿದ್ದ. ಅವಳು ಗದ್ದೆಯ ಕಡೆ ನೋಡುತ್ತಾ, “ನನಗೆ ಇದೇ ಆಗ್ತದೆ” ಎಂದಿದ್ದಳು. ಸುಳ್ಳಾಗಿರಲಿಲ್ಲ ಅದು. ಭತ್ತದ ಎಳೆ ಪೈರಿನ ವಾಸನೆ ಇರುವಲ್ಲಿ ಅವಳಿಗೆ ನಿದ್ದೆ ಬರುತ್ತಿತ್ತು.

ಆ ವಾಸನೆಯಿಂದಲೇ ಎಲ್ಲ ಆದದ್ದು. ಇಲ್ಲ, ಅಣ್ಣನ ಇನ್‌ಲ್ಯಾಂಡ್ ಕಾಗದದಿಂದ. ಕಾಂತಪ್ಪ ಕೆಲಸಕ್ಕಿದ್ದ ಬಾಂದ್ರಾದ ಹೋಟೆಲಿನ ವಿಳಾಸಕ್ಕೆ ಬಂದದ್ದನ್ನು ಅವನು ಕಿಸೆಯಲ್ಲಿಟ್ಟುಕೊಂಡು ತಂದಿದ್ದ. ಮಂಗಳವಾರ ತೆನೆ ಕಟ್ಟುತ್ತೇವೆ, ಅಮ್ಮ ನಿನ್ನನ್ನು ನೆನೆಸಿ ಅತ್ತಳು, ಕೆಂಪಿ ಕರು ಹಾಕಿದೆ. ಮಂಗಳವಾರ ಕಾಂತಪ್ಪ ಎಂದಿನಂತೆ ಬೆಳಗಿನ ಮೊದಲ ಲೋಕಲ್ಲಿಗೆ ಹೋದಮೇಲೆ ಅವಳು ತಣ್ಣೀರು ಮಿಂದು, ಒದ್ದೆ ಕೂದಲಲ್ಲೇ ಗದ್ದೆಗೆ ಇಳಿದಳು. ಊರಿನಲ್ಲಿ ಅವರಿಗೆ ಸ್ವಂತ ಗದ್ದೆ ಎಂದು ಇದ್ದದ್ದಿಲ್ಲ. ಇಲ್ಲದವರು ಬೆಳಕು ಹರಿಯುವ ಮೊದಲು ಯಾರ ಗದ್ದೆಯಿಂದಾದರೂ ಒಂದು ಹಿಡಿ ತೆನೆ ತೆಗೆಯಬಹುದಿತ್ತು, ಕೇಳಬೇಕೆಂದಿರಲಿಲ್ಲ, ಕೇಳಬಾರದು ಕೂಡ. ಮಾತಿಲ್ಲದೆ ಕೊಯ್ದು, ತಲೆಯ ಮೇಲೆ ಹೊತ್ತು, ದಾರಿಯಲ್ಲಿ ಯಾರು ಕರೆದರೂ ಬಾಯಿ ಬಿಡದೆ ಮನೆಗೆ ತಂದು ತುಳಸಿಯ ಮುಂದೆ ಇಳಿಸಬೇಕು. ಗದ್ದೆಯ ಯಜಮಾನ ನೋಡಿದರೂ ಮುಖ ತಿರುಗಿಸಿಕೊಳ್ಳುತ್ತಿದ್ದ. ಆ ಒಂದು ಬೆಳಿಗ್ಗೆ ಬೆಳೆ ಊರಿಗೆಲ್ಲ ಸೇರಿದ್ದು. ಇದನ್ನು ಸಕರಿ ಆಯಿಗೆ ಹೇಳಬೇಕೆಂದು ಶೀಲಾವತಿಗೆ ಅನಿಸಲೇ ಇಲ್ಲ. ಭತ್ತ ಬೆಳೆಯುವ ಜನಕ್ಕೆ ಇದೂ ಗೊತ್ತಿರುತ್ತದೆ ಎಂದುಕೊಂಡಿದ್ದಳು, ಉಸಿರಾಡುವುದು ಗೊತ್ತಿರುವ ಹಾಗೆ. ಗದ್ದೆಯ ಮೂಡು ಮೂಲೆಯಲ್ಲಿ ತೆನೆ ಎಲ್ಲಕ್ಕಿಂತ ತುಂಬಿ ಬಾಗಿತ್ತು. ಅಲ್ಲೊಂದು ಕೋಲು ನೆಟ್ಟು ಸೊಪ್ಪು ಕಟ್ಟಿದ್ದರು. ಹಕ್ಕಿ ಓಡಿಸಲು ಇರಬೇಕೆಂದು ಆ ಕೋಲನ್ನೇ ಹಿಡಿದು, ಬಾಗಿ, ಏಳು ಕೊಯ್ದಳು.

ಹಕ್ಕಿ ಓಡಿಸುವ ಕೋಲಲ್ಲ ಅದು ಎಂಬುದು ಗೊತ್ತಾದದ್ದು ಸಕರಿ ಆಯಿ ಗದ್ದೆಯ ನಡುವೆ ನಿಂತು ಎದೆ ಬಡಿದುಕೊಂಡಾಗ. ಆ ಮೂಲೆ ಕಣಸರಿಯದು, ಧಾನ್ಯದ ತಾಯಿಯದು. ಪೂಜಾರಿ ಭಗತ ಬಂದು, ಪೂಜೆ ಮಾಡಿ, ಮೊದಲ ತೆನೆ ಅವಳಿಗೆ ಕೊಟ್ಟಮೇಲೆಯೇ ಪಾಡಾದಲ್ಲಿ ಯಾರಾದರೂ ಹೊಸ ಭತ್ತಕ್ಕೆ ಕತ್ತಿ ಇಡುವುದು. ಅದಕ್ಕೆ ಮೊದಲು ಮುಟ್ಟಿದರೆ ಅವಳು ಸಿಟ್ಟು ಮಾಡಿಕೊಂಡು ಗದ್ದೆ ಬಿಟ್ಟು ಹೋಗುತ್ತಾಳೆ. ಆಯಿಯ ಸೊಸೆ ದೇವಲಿ ಬುಡದಲ್ಲಿ ಕತ್ತಿಯ ಗುರುತು ನೋಡಿ, ಬೆಳಿಗ್ಗೆ ಬದುವಿನ ಮೇಲೆ ಕೊನೆಯ ಗುಡಿಸಲಿನ ಆ ಕ್ವಾರಿಯವಳು ಕತ್ತಿ ಹಿಡಿದು ಹೋಗುತ್ತಿದ್ದಳು ಎಂದಳು. ಬೇಲಿಯ ಈಚೆ ನಿಂತು ಕೇಳುತ್ತಿದ್ದ ಶೀಲಾವತಿಯ ಬೆನ್ನ ಹಿಂದೆಯೇ, ಬಾಗಿಲ ಮೇಲೆ, ಏಳು ತೆನೆ ಗಾಳಿಗೆ ಅಲ್ಲಾಡುತ್ತಿದ್ದವು. ಯಾರೂ ಇತ್ತ ನೋಡಲಿಲ್ಲ. ನೋಡಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಅವಳು ಹಿಂದೆ ಹಿಂದೆಯೇ ಹೆಜ್ಜೆ ಇಟ್ಟು, ಒಳಗೆ ಹೋಗಿ, ಕೈ ಮೇಲೆತ್ತಿದಳು.

ಬಾವಿಯ ಹತ್ತಿರ ಇವತ್ತು ಮಾತು ಕಡಿಮೆ. ಏಳೆಂಟು ಹೆಂಗಸರು ಕಟ್ಟೆಯ ಮೇಲೆ, ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ದೂರ ಹೊಂಗೆಯ ಮರದ ಕೆಳಗೆ ಎರಡು ಖಾಲಿ ಕೊಡ ಇಟ್ಟುಕೊಂಡು ಭಾಗವ್ವ. ಕಲಬುರ್ಗಿ ಕಡೆಯವಳು, ಗಂಡ ನಿಂಗಣ್ಣ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಾನೆ. ಬಂದು ಎರಡು ತಿಂಗಳಾಗಿತ್ತು, ಪಾಡಾದ ಕೊನೆಯ ಗುಡಿಸಲು. ಇಡೀ ಪಾಡಾದಲ್ಲಿ ಶೀಲಾವತಿಯ ಜೊತೆ ಕನ್ನಡ ಮಾತಾಡುವ ಒಬ್ಬಳೇ ಹೆಂಗಸು. ಮೊದಲ ಸಲ ಮಾತಾಡಿದಾಗ ಇಬ್ಬರಿಗೂ ಒಬ್ಬರದ್ದು ಒಬ್ಬರಿಗೆ ಅರ್ಧ ಅರ್ಥವಾಗದೆ ಹೊಟ್ಟೆ ಹಿಡಿದು ನಕ್ಕಿದ್ದರು. ಈಗ ಭಾಗವ್ವ ಮರಕ್ಕೆ ಒರಗಿ, ಯಾರನ್ನೂ ನೋಡದೆ, ಕಾಲ ಬೆರಳಿನಿಂದ ಮಣ್ಣು ಕೆದಕುತ್ತಿದ್ದಳು.

“ಬಾ ಗ ಪೋರಿ, ನೀನು ತುಂಬಿಕೋ,” ಎಂದಳು ಸಕರಿ ಆಯಿ. ಎಲ್ಲರಿಗಿಂತ ಮೊದಲು. ಈ ಮುದುಕಿಯೇ ತನ್ನ ಅಂಗಳದ ಮೂಲೆಯಲ್ಲಿ ಗುಡಿಸಲು ಹಾಕಿಕೊಳ್ಳಲು ಬಿಟ್ಟವಳು. ಪೋರಿ, ಮಗಳೇ ಎಂದು ಕರೆಯುವವಳು. ಹಗ್ಗ ಇಳಿಸುವಾಗ ಕೊಡ ಬಾವಿಯ ಗೋಡೆಗೆ ಎರಡು ಸಲ ಬಡಿಯಿತು.

ದೇವಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಇವಳಿಗೆ ನಮ್ಮ ಮಾತು ತಿಳಿಯುವುದಿಲ್ಲ. ಅಥವಾ ತಿಳಿಯದ ಹಾಗೆ ಮಾಡ್ತಾಳೆ. ನೀನು ಹೇಳು ಶೀಲಾ, ನಿಮ್ಮ ಭಾಷೆಯಲ್ಲಿ. ಗದ್ದೆಗೆ ಕೈ ಹಾಕಿದವರು ಬಾವಿಗೆ ಕೈ ಹಾಕಬಾರದು. ಕ್ವಾರಿಯ ಹೊಂಡ ಇದೆ, ಅಲ್ಲಿ ತುಂಬಿಕೊಳ್ಳಲಿ. ರವಿವಾರ ಭಗತ ಬರುವುದರೊಳಗೆ ಗುಡಿಸಲು ಖಾಲಿ ಮಾಡಲಿ.”

ಎಲ್ಲರೂ ಶೀಲಾವತಿಯನ್ನು ನೋಡಿದರು. ಅವಳ ಮರಾಠಿಗೆ ಯಾವಾಗಲೂ ನಗುವ ಹುಡುಗಿಯರೂ ಇವತ್ತು ನಗದೆ ಕಾದರು. ಅವಳು ಮರದ ಕಡೆ ತಿರುಗಿದಳು, ಆದರೆ ಕಣ್ಣು ಭಾಗವ್ವನ ಕೊಡದ ಮೇಲೆಯೇ ಇತ್ತು.

“ಭಾಗಕ್ಕ... ಇವರು ಹೇಳ್ತಾರೆ... ಬಾವಿಯಿಂದ ನೀರು ತೆಗೀಲಿಕ್ಕಿಲ್ಲ ಅಂತೆ. ಗದ್ದೆಗೆ ಕೈ ಹಾಕಿದವರು ಅಂತ. ಮತ್ತೆ ರವಿವಾರದೊಳಗೆ... ಇಲ್ಲಿಂದ ಹೋಗ್ಬೇಕಂತೆ.”

ಭಾಗವ್ವ ಮಣ್ಣು ಕೆದಕುವುದನ್ನು ನಿಲ್ಲಿಸಿದಳು. “ಅವರು ಅಂತಾರೋ, ನೀ ಅಂತೀಯೋ ತಂಗಿ?”

“ನಾನಲ್ಲ. ಅವರು.”

“ನಿನ್ನೆ ನಸಿಕ್ನ್ಯಾಗ ನಾ ಏನ್ ನೋಡೀನಿ, ಯಾರ್ ತಲಿ ಮ್ಯಾಲ ನೋಡೀನಿ, ಅದನ್ನೂ ಇವರಿಗಿ ಹೇಳ್ತೀಯೇನು?” ಧ್ವನಿ ಏರಲಿಲ್ಲ. ಜೋಳದ ಹಿಟ್ಟಿನ ಧಾರಣೆ ಕೇಳಿದ ಹಾಗೆ ಕೇಳಿದಳು.

“ಕಾಯ್ ಮ್ಹಣತೇ? ಏನಂತಾಳೆ?” ದೇವಲಿ ಅವಸರಪಡಿಸಿದಳು.

ಆ ಎರಡು ಮಾತುಗಳ ನಡುವೆ ಶೀಲಾವತಿ ಒಬ್ಬಳೇ ನಿಂತಿದ್ದಳು. ಈ ಕಡೆಯದು ಆ ಕಡೆಗೆ ದಾಟಬೇಕಾದರೆ ಅವಳ ಬಾಯಿಂದಲೇ ದಾಟಬೇಕು. ಭಾಗವ್ವ ನಿಜ ಹೇಳಿಬಿಟ್ಟಿದ್ದಳು, ಎಲ್ಲರ ಎದುರಿಗೇ, ಬಾಯಿ ಬಿಟ್ಟೇ ಹೇಳಿದ್ದಳು, ಆದರೂ ಅದು ಯಾರಿಗೂ ಕೇಳಿಸಿರಲಿಲ್ಲ. ಹಗ್ಗದಿಂದ ನೀರು ತೊಟ್ಟಿಕ್ಕುವ ಸದ್ದು. ಶೀಲಾವತಿಗೆ ತನ್ನ ನಾಲಿಗೆ ಬೇರೆ ಯಾರದೋ ಇದ್ದ ಹಾಗೆ ಅನಿಸಿತು.

“ಅವಳು... ಅವಳು ಏನೂ ತೆಗೆದಿಲ್ಲ ಅಂತಾಳೆ,” ಎಂದಳು ಮರಾಠಿಯಲ್ಲಿ. “ನಾಹೀ ಮ್ಹಣತೇ.”

ನಾಹೀ ಎಂಬುದು ಭಾಗವ್ವನಿಗೂ ಬರುತ್ತಿದ್ದ ಮಾತು. ಅವಳು ಶೀಲಾವತಿಯ ಮುಖವನ್ನು ಇನ್ನೊಂದು ಗಳಿಗೆ ನೋಡಿದಳು. ಆಮೇಲೆ ಖಾಲಿ ಕೊಡ ಎರಡನ್ನೂ ಒಂದೊಂದು ಬಗಲಿಗೆ ಇಟ್ಟುಕೊಂಡು ಇಳಿಜಾರಿನ ದಾರಿ ಹಿಡಿದಳು. “ಎಲ್ಲ ಕಳ್ಳರೂ ಹಾಗೇ ಹೇಳೋದು,” ಎಂದು ದೇವಲಿ ಹಗ್ಗ ಎಳೆದಳು. ಸಕರಿ ಆಯಿ ಶೀಲಾವತಿಯನ್ನೇ ನೋಡುತ್ತಿದ್ದಳು, ಅಥವಾ ಅವಳ ಹಿಂದಿನ ಗುಡ್ಡವನ್ನೋ.

ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಶೀಲಾವತಿ ಮನೆಯ ದಾರಿ ಬಿಟ್ಟು ತಬೇಲಾದ ಹಿಂದಿನ ದಾರಿಯಲ್ಲಿ ಬೇಗ ಬೇಗ ನಡೆದಳು. ಕುತ್ತಿಗೆಯ ಮೇಲೆ ನೀರು ತುಳುಕಿ ರವಿಕೆಯೊಳಗೆ ಇಳಿಯಿತು. ಕಾರೆಯ ಪೊದೆಯ ತಿರುವಿನಲ್ಲಿ ಭಾಗವ್ವ ಸಿಕ್ಕಿದಳು. ಅತ್ತಿತ್ತ ಯಾರೂ ಇಲ್ಲವೆಂದು ನೋಡಿ ಶೀಲಾವತಿ, “ಭಾಗಕ್ಕ, ಕೊಡ ಇಳಿಸಿ, ಇದನ್ನು ಹಾಕ್ತೇನೆ” ಎಂದಳು.

“ಗಿಡದ ಮರಿಗಿ ನಿಂತು ಕೊಡೋ ನೀರು ಬ್ಯಾಡ.”

“ನನ್ನ ಹೆಸರು ಹೇಳ್ಬಹುದಿತ್ತಲ್ಲ ನೀವು. ನಿನ್ನೆಯೇ. ಕೈ ತೋರಿಸಿದ್ರೂ ಸಾಕಿತ್ತು.”

ಭಾಗವ್ವ ನಿಂತಳು. ಬೆವರು ಒರೆಸಿಕೊಂಡು, ಲೆಕ್ಕ ಬರದ ಹುಡುಗಿಗೆ ಹೇಳುವ ಹಾಗೆ, “ನಿನ್ನ ಹೆಸರ ಹೇಳಿದ್ರ ನಿನಗೂ ನೀರ್ ಬಂದ್. ಇಬ್ರಿಗೂ ಬಂದ್ ಆದ್ರ ಯಾರ ಬಲ್ಲಿ ಬೇಡೋದವ್ವ?” ಎಂದಳು. ಆಮೇಲೆ, “ತೆನಿ ಕೊಯ್ದಿ, ಕೊಯ್ಕೋ. ಅದಕ್ಕ ನನಗೇನು ಸಿಟ್ಟಿಲ್ಲ. ನಾ ಎದುರಿಗಿ ಬಂದು, ಏನ್ ತಂಗಿ ಇಷ್ಟ ಲಗೂ ಎದ್ದೀಯಲ್ಲ ಅಂತ ಮಾತಾಡಿಸಿದ್ರ, ಕಲ್ಲಿನಂಗ ಮಾರಿ ಮಾಡ್ಕೊಂಡು ಹ್ವಾದಿ. ನಾ ಏನ್ ಹೊಲಸು ತುಳದು ಬಂದಿದ್ದೇನು?”

“ಅಯ್ಯೋ, ಅದು ಹಾಗಲ್ಲ ಭಾಗಕ್ಕ. ತಲೆ ಮೇಲೆ ತೆನೆ ಇದ್ದಾಗ ಮಾತಾಡ್ಲಿಕ್ಕಿಲ್ಲ ನಮ್ಮಲ್ಲಿ. ಯಾರು ಬಂದ್ರೂ. ಅಪ್ಪ ಬಂದ್ರೂ.”

“ಹೌದೇನು? ಈಗ ಬಾವಿ ಬಲ್ಲಿ ತಲಿ ಮ್ಯಾಲ ಏನಿತ್ತು?”

ಶೀಲಾವತಿಯ ಕೈ ತಾನಾಗಿ ಕೊಡದ ಅಂಚಿಗೆ ಹೋಯಿತು. ಬಾವಿಯ ಹತ್ತಿರ ತಲೆಯ ಮೇಲೆ ಏನೂ ಇರಲಿಲ್ಲ. ಭಾಗವ್ವ ಉತ್ತರಕ್ಕೆ ಕಾಯಲೂ ಇಲ್ಲ. ಕ್ವಾರಿಯ ಕಡೆ ಇಳಿಯುತ್ತಾ ಹೋದಳು, ಇಳಿಜಾರಿನಲ್ಲಿ ಮೊದಲು ಕಾಲು, ಆಮೇಲೆ ಸೊಂಟ, ಕಡೆಗೆ ಖಾಲಿ ಕೊಡಗಳ ಬಾಯಿ ಮರೆಯಾದವು.

ಮಧ್ಯಾಹ್ನ ಕ್ವಾರಿಯಲ್ಲಿ ಸಿಡಿಮದ್ದು ಹಾರಿಸಿದಾಗ ಎಂದಿನಂತೆ ಗುಡಿಸಲಿನ ತಟ್ಟಿ ಅಲುಗಿತು, ಎಂದಿನಂತೆ ಡಬ್ಬದ ಮೇಲಿನ ಕಲ್ಲು ಒಮ್ಮೆ ಕಟಕ್ಕೆಂದಿತು. ಎಂದಿನಂತೆ ಅಲ್ಲ, ಕಲ್ಲು ಅಲ್ಲಿ ಬಂದು ಎರಡೇ ದಿನ. ಶೀಲಾವತಿ ಚಾಪೆಯ ಮೇಲೆ ಬಿದ್ದುಕೊಂಡು ಮಾಡಿನ ಹುಲ್ಲು ನೋಡುತ್ತಿದ್ದಳು. ಸಣ್ಣವಳಿದ್ದಾಗ ಅಮ್ಮ ತಲೆಯ ಮೇಲೆ ತೆನೆ ಹೊತ್ತು ಬರುವಾಗ ಅವಳು ಹಿಂದೆ ಮುಂದೆ ಕುಣಿಯುತ್ತಾ, ಅಮ್ಮ ಮಾತಾಡು, ಅಮ್ಮ ಹಾವು, ಅಮ್ಮ ನನಗೆ ಮುಳ್ಳು ಚುಚ್ಚಿತು ಎಂದು ಸುಳ್ಳು ಹೇಳಿ ಬಾಯಿ ಬಿಡಿಸಲು ನೋಡುತ್ತಿದ್ದಳು. ಅಮ್ಮನ ತುಟಿ ಬಿಗಿದೇ ಇರುತ್ತಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಒಂದು ವರ್ಷ ನಿಜವಾಗಿಯೂ ಮುಳ್ಳು ಚುಚ್ಚಿ ಅವಳು ಅತ್ತಾಗ ಅಮ್ಮ ಮಾತಾಡದೆಯೇ ಕೂತು, ತಲೆಯ ಮೇಲಿನ ತೆನೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮುಳ್ಳು ಕಿತ್ತಿದ್ದಳು. ಮಾತಾಡದೆ ಇದ್ದದ್ದು ಅಷ್ಟೇ. ಕಲ್ಲಿನ ಮುಖ ಆಗಿರಲಿಲ್ಲ ಅದು. ನಿನ್ನೆ ನಸುಕಿನಲ್ಲಿ ತನ್ನ ಕಣ್ಣು ಭಾಗವ್ವನ ಕಡೆ ನಕ್ಕಿತ್ತೇ? ಎಷ್ಟು ನೆನೆಸಿದರೂ ನೆನಪಾಗಲಿಲ್ಲ. ನೆನಪಾದದ್ದು, ಯಾರಪ್ಪ ಅಡ್ಡ ಬಂದದ್ದು ಎಂದು ಒಳಗೆ ಆದ ಸಣ್ಣ ಕಿರಿಕಿರಿ. ಅದು ಮುಖದ ಮೇಲೆ ಬಂದಿರಲೇಬೇಕು.

ನಾಲ್ಕು ಗಂಟೆಗೆ ಕಾಂತಪ್ಪ ಬಂದ. ಹೋಟೆಲಿನಲ್ಲಿ ಅವನು ಇಡ್ಲಿ ಬೇಯಿಸುವವನು. ಎಷ್ಟು ತೊಳೆದುಕೊಂಡರೂ ಅವನ ತೋಳಿನಲ್ಲಿ ಹುಳಿ ಹಿಟ್ಟಿನ ವಾಸನೆ ಉಳಿಯುತ್ತಿತ್ತು. ಬಾಳೆಲೆಯ ಪೊಟ್ಟಣ ಅವಳ ಮುಂದಿಟ್ಟು, “ಎಂತ ಮಾರಾಯ್ತಿ, ಒಲೆ ತಣ್ಣಗೆ ಉಂಟು. ಗಂಜಿ ಇಡ್ಲಿಲ್ವಾ?” ಎಂದ.

“ಅಕ್ಕಿ ತೆಗೀಲಿಕ್ಕೆ ಆಗ್ಲಿಲ್ಲ.”

“ಡಬ್ಬಕ್ಕೆ ಬೀಗ ಹಾಕಿದ್ದಿಯಾ?” ಎಂದು ನಗುತ್ತಾ ಅವನೇ ಕಲ್ಲು ಸರಿಸಿ ಮುಚ್ಚಳ ತೆಗೆದ. ನಗು ಮುಖದ ಮೇಲೆ ಹಾಗೇ ನಿಂತಿತು. ನಿನ್ನೆ ಮನೆಗೆ ಬಂದಾಗ ಪಾಡಾದ ಗಲಾಟೆಯನ್ನೆಲ್ಲ ಅವನೇ ಅವಳಿಗೆ ಸುದ್ದಿಯಂತೆ ಹೇಳಿದ್ದ. ಅವಳು ಹೌದಾ ಹೌದಾ ಎಂದಿದ್ದಳು. ಈಗ ಅವನು ಎರಡು ಕೈಯಲ್ಲಿ ತೆನೆಯ ಕಟ್ಟನ್ನು ಎತ್ತಿ, ಏನೂ ಯೋಚಿಸದೆ, ಮೊದಲು ಕಣ್ಣಿಗೆ ಒತ್ತಿಕೊಂಡ. ಆರು ವರ್ಷ ಹೋಟೆಲಿನ ಬೆಂಚುಗಳನ್ನು ಜೋಡಿಸಿಕೊಂಡು ಮಲಗಿದವನು. ಆರು ವರ್ಷ ಅವನ ಬಾಗಿಲಿಗೆ ತೆನೆ ಇರಲಿಲ್ಲ, ಏಕೆಂದರೆ ಬಾಗಿಲೇ ಇರಲಿಲ್ಲ. ಕಣ್ಣಿನಿಂದ ತೆಗೆದಮೇಲೆ ಅವನ ಮುಖ ಹೆದರಿತು.

“ನೀನಾ?”

“ಹೌದು.”

“ಯಾರಿಗೆಲ್ಲ ಗೊತ್ತುಂಟು?”

“ಭಾಗಕ್ಕನಿಗೆ. ಅವರು ಹೇಳ್ಲಿಲ್ಲ.”

ಅವನು ಬಾಗಿಲು ಓರೆ ಮಾಡಿ ಬಂದು ಹತ್ತಿರ ಕೂತ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ನೋಡು ಶೀಲಾ, ಇದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತೋಡಿನಲ್ಲಿ ಬಿಡು. ನೀರಿಗೆ ಬಿಟ್ರೆ ದೋಷ ಇಲ್ಲ. ಆಯಿಗೆ ಗೊತ್ತಾದ್ರೆ ಈ ಗುಡಿಸಲು ಸಹ ಹೋಯ್ತು. ಮತ್ತೆ ನಾನು ಬೆಂಚಿನ ಮೇಲೆ, ನೀನು ಊರಲ್ಲಿ. ವರ್ಷಕ್ಕೆ ಒಂದು ಸಲ ಮುಖ ನೋಡುವುದು. ಅದು ಬೇಕಾ ನಿನಗೆ?”

“ಭಾಗಕ್ಕ?”

“ಅವರು ಕ್ವಾರಿಯವರು. ಇವತ್ತು ಈ ಗುಡ್ಡ, ನಾಳೆ ಮುಲುಂಡಿನ ಗುಡ್ಡ. ಅವರಿಗೆ ಅಭ್ಯಾಸ ಉಂಟು.” ಹೇಳಿ ಅವನೇ ನೆಲ ನೋಡಿದ. ತನ್ನ ಮಾತು ತನಗೇ ರುಚಿಸದಾಗ ಅವನು ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದ. ಈಗಲೂ ಕೆರೆದುಕೊಂಡ.

ತೋಡು ಕ್ವಾರಿಯ ಬದಿಯಲ್ಲೇ ಹರಿಯುತ್ತಿತ್ತು, ಕಲ್ಲಿನ ಪುಡಿ ಬೆರೆತು ಹಾಲಿನ ಬಣ್ಣಕ್ಕೆ. ಶೀಲಾವತಿ ದಂಡೆಯಲ್ಲಿ ಕೂತು ಸೆರಗು ಬಿಚ್ಚಿದಳು. ಎರಡು ದಿನ ಅಕ್ಕಿಯೊಳಗೆ ಇದ್ದು ಮಾವಿನೆಲೆ ಬಾಡಿತ್ತು, ತೆನೆ ಮಾತ್ರ ಹಾಗೇ ಇತ್ತು, ಒಂದೆರಡು ರೇಶನ್ ಅಕ್ಕಿಯ ಕಾಳು ಮುಳ್ಳಿನಲ್ಲಿ ಸಿಕ್ಕಿಕೊಂಡಿದ್ದವು. ಕೈ ಚಾಚಿ ಬಿಟ್ಟರೆ ಆಯಿತು. ಕಾಂತಪ್ಪನ ಪಕ್ಕ ಮಲಗುವುದು, ಅವನ ತೋಳಿನ ಹುಳಿ ವಾಸನೆ, ಆಯಿಯ ಪೋರಿ ಎಂಬ ಕರೆ, ಎಲ್ಲ ಉಳಿಯುತ್ತದೆ. ಅವಳಿಗೆ ಅದೆಲ್ಲ ಬೇಕಿತ್ತು. ಆಗ ಕೆಳಗಿನ ಹೊಂಡದಿಂದ ಭಾಗವ್ವ ಹತ್ತಿ ಬರುತ್ತಿರುವುದು ಕಾಣಿಸಿತು. ತಲೆಯ ಮೇಲೆ ಒಂದರ ಮೇಲೊಂದು ಎರಡು ಕೊಡ, ಸಡಿಲ ಜಲ್ಲಿಯ ಮೇಲೆ ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತಿತ್ತು. ಒಂದು ಕಡೆ ಪೂರಾ ಜಾರಿ ಮೊಣಕಾಲೂರಿದಳು. ಮೇಲಿನ ಕೊಡ ಉರುಳಿ, ಠಣ ಠಣ ಎನ್ನುತ್ತಾ ಹೊಂಡದವರೆಗೂ ಹೋಯಿತು. ಭಾಗವ್ವ ಬಯ್ಯಲಿಲ್ಲ, ಅಳಲಿಲ್ಲ, ಸುತ್ತ ಯಾರಾದರೂ ನೋಡಿದರೇ ಎಂದೂ ತಿರುಗಲಿಲ್ಲ. ಉಳಿದ ಕೊಡವನ್ನು ಒಂದು ಕಲ್ಲಿನ ಸಂದಿಯಲ್ಲಿ ಜೋಪಾನವಾಗಿ ಇಟ್ಟು, ಇನ್ನೊಂದನ್ನು ತರಲು ಮತ್ತೆ ಕೆಳಗಿಳಿದಳು. ಅಭ್ಯಾಸ ಇದ್ದವರ ನಡಿಗೆಯಾಗಿರಲಿಲ್ಲ ಅದು.

ಶೀಲಾವತಿ ಸೆರಗು ಕಟ್ಟಿಕೊಂಡು ಎದ್ದಳು. ಏನು ಮಾಡಬೇಕೆಂದು ತೀರ್ಮಾನಿಸಿದ್ದೆಯಾ ಎಂದು ಆಮೇಲೆ ಯಾರಾದರೂ ಕೇಳಿದ್ದರೆ ಅವಳಿಗೆ ಹೌದೆನ್ನಲು ಬರುತ್ತಿರಲಿಲ್ಲ. ಕಾಲು ನಡೆಯುತ್ತಿತ್ತು. ದಾರಿಯಲ್ಲಿ ಒಂದು ಮಾವಿನ ಮರದಿಂದ ಹೊಸ ಎಲೆ ಕಿತ್ತುಕೊಂಡಳು. ಎಲೆ ಕಿತ್ತದ್ದರಿಂದ ಗೊತ್ತಾಯಿತು, ತೀರ್ಮಾನ ಆಗಿದೆ ಎಂದು. ಒಮ್ಮೆ ಹಿಂದಕ್ಕೆ ಓಡಿಬಿಡಲೇ ಅನಿಸಿ, ಮತ್ತೆ ನಡೆದಳು.

ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ದೇವಲಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು, ಸಕರಿ ಆಯಿ ಹೊಸ್ತಿಲಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದಳು. ಶೀಲಾವತಿ ತನ್ನ ಬಾಗಿಲಿನ ಮುಂದೆ ನಿಂತು, ಬೆನ್ನು ಅವರ ಕಡೆಗಿದ್ದಂತೆಯೇ, ತೆನೆಗೆ ಹೊಸ ಎಲೆ ಸುತ್ತಿ, ಅದೇ ನಾರಿನಿಂದ, ಅದೇ ಮೊಳೆಗೆ ಕಟ್ಟಿದಳು. ನಾರು ಗಿಡ್ಡವಾಗಿತ್ತು, ಮೂರು ಸಲ ಜಾರಿತು. ಒಳಗಿನಿಂದ ಕಾಂತಪ್ಪ ಚಾ ಲೋಟ ಹಿಡಿದುಕೊಂಡು ಬಂದವನು ಅಲ್ಲೇ ನಿಂತ. ಏನೋ ಹೇಳಲು ಬಾಯಿ ತೆರೆದು, ನಾರು ಮತ್ತೆ ಜಾರುವುದು ನೋಡಿ, ಲೋಟ ಕೆಳಗಿಟ್ಟು, ನಾರಿನ ಒಂದು ತುದಿಯನ್ನು ಬೆರಳಿನಲ್ಲಿ ಒತ್ತಿ ಹಿಡಿದುಕೊಂಡ. ಗಂಟು ನಿಂತಿತು.

ಹಿಂದೆ ಬುಟ್ಟಿ ಹೆಣೆಯುವ ಸದ್ದೂ ನಿಂತಿತ್ತು. ಸಕರಿ ಆಯಿ ಎದ್ದು, ಸೊಂಟ ಹಿಡಿದುಕೊಂಡು, ಅಂಗಳ ದಾಟಿ ಬಂದಳು. ದೇವಲಿ ಕೈಯಲ್ಲಿ ನುಚ್ಚು ಹಿಡಿದೇ ಬಂದಳು. ಮುದುಕಿ ತೆನೆ ನೋಡಿದಳು, ಎಲೆ ನೋಡಿದಳು. ಕಲಿತಿದ್ದ ಮರಾಠಿಯೆಲ್ಲ ಶೀಲಾವತಿಯನ್ನು ಬಿಟ್ಟು ಹೋಗಿತ್ತು. ಒಂದೇ ಮಾತು ಉಳಿದಿತ್ತು.

“ಮೀ,” ಎಂದಳು. ನಾನು. “ಭಾಗವ್ವ ನಾಹೀ. ಮೀ.”

ದೇವಲಿ ಏನೋ ಕೂಗತೊಡಗಿದಳು. ಆಯಿ ಅವಳನ್ನು ಕೈಯಲ್ಲೇ ತಡೆದಳು. ಕಾಂತಪ್ಪ ಹಿಂದಿಯಲ್ಲಿ, “ಗಲತೀ ಹೋ ಗಯೀ ಆಯಿ, ನಮ್ಮ ಊರಲ್ಲಿ ಹೀಗೆ...” ಎಂದು ಶುರು ಮಾಡಿದ. ಅವನನ್ನೂ ತಡೆದಳು.

“ಎರಡು ದಿನ ಎಲ್ಲಿಟ್ಟಿದ್ದೆ?”

“ಡಬ್ಬದಲ್ಲಿ.”

“ಮುಚ್ಚಿ?”

“ಮುಚ್ಚಿ. ಮೇಲೆ... ಕಲ್ಲು ಇಟ್ಟು.”

ಮುದುಕಿ ನೆಲದ ಮೇಲೆ ಕೂತುಬಿಟ್ಟಳು. ಒಂದು ಕೋಳಿ ಬಂದು ಅವಳ ಕಾಲಿನ ಹತ್ತಿರ ಕೆದರಿ ಹೋಯಿತು. “ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ,” ಎಂದಳು ಕಡೆಗೆ. “ಕೊಯ್ದದ್ದು ತಪ್ಪು, ಅದನ್ನು ಭಗತ ನೋಡಿಕೊಳ್ಳುತ್ತಾನೆ. ಆದರೆ ಮನೆಗೆ ಕರೆದುಕೊಂಡು ಬಂದ ತಾಯಿಯನ್ನು ಕತ್ತಲಲ್ಲಿ ಮುಚ್ಚಿ, ಮೇಲೆ ಕಲ್ಲಿಟ್ಟೆಯಾ ಪೋರಿ? ಎರಡು ದಿನ ಅವಳಿಗೆ ಉಸಿರು ಹೇಗೆ ಬಂದಿರಬೇಕು?”

ಪೋರಿ ಎಂದಳು. ಅದನ್ನು ಕೇಳಿ ಶೀಲಾವತಿಗೆ ಅಳು ಬಂತು, ಎರಡು ದಿನದ್ದು ಒಟ್ಟಿಗೆ. ಕಾಂತಪ್ಪ ಅವಸರದಿಂದ ತೆನೆ ಬಿಚ್ಚಲು ಕೈ ಎತ್ತಿದ.

“ಬಿಚ್ಚಬೇಡ. ಇನ್ನೆಷ್ಟು ಸಲ ಅವಳನ್ನು ಹತ್ತಿಸಿ ಇಳಿಸುತ್ತೀರಿ?” ಆಯಿ ಗೋಡೆ ಹಿಡಿದು ಎದ್ದಳು. “ರವಿವಾರದವರೆಗೆ ನೀನು ಬಾವಿಗೆ ಬರಬೇಡ. ಭಗತ ಇರು ಅಂದರೆ ಇರಿ. ಹೋಗು ಅಂದರೆ ನಾನು ತಡೆಯುವುದಿಲ್ಲ.” ಎರಡು ಹೆಜ್ಜೆ ಹೋದವಳು ತಿರುಗಿದಳು. “ಆ ಹೆಂಗಸಿಗೆ ಬಾವಿಗೆ ಬರಲಿ ಅಂತ ಹೇಳು. ನಿಮ್ಮ ಭಾಷೆಯಲ್ಲಿ. ಈ ಸಲ ನಾನು ಹೇಳಿದ್ದನ್ನೇ ಹೇಳು.”

ಕೊನೆಯ ಗುಡಿಸಲಿನಲ್ಲಿ ಭಾಗವ್ವ ರೊಟ್ಟಿ ಬಡಿಯುತ್ತಿದ್ದಳು. ಮೊಣಕಾಲಿಗೆ ಅರಿಸಿನ ಮೆತ್ತಿತ್ತು. ಮೈಯೆಲ್ಲ ಕಲ್ಲಿನ ಪುಡಿಯ ನಿಂಗಣ್ಣ ಬಾಗಿಲಲ್ಲಿ ಕೂತಿದ್ದವನು ಗಡಿಬಿಡಿಯಿಂದ ಎದ್ದು, “ಬಾರವ್ವ, ಕೂಡು” ಎಂದ. ಶೀಲಾವತಿ ಕೂರದೆ, ನಿಂತೇ ಎಲ್ಲ ಹೇಳಿದಳು. ಬಾವಿಯ ಹತ್ತಿರ ತಾನು ಹೇಳಿದ ಸುಳ್ಳನ್ನೂ ಹೇಳಿದಳು. ಭಾಗವ್ವ ತಲೆಯೆತ್ತಲಿಲ್ಲ. ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು ಒಂದೇ ಸಮ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮಾತು ಮುಗಿದಮೇಲೆಯೂ ಸದ್ದು ಮುಗಿಯಲಿಲ್ಲ. ಶೀಲಾವತಿ ಇನ್ನೊಂದು ರೊಟ್ಟಿ ಆಗುವವರೆಗೆ ನಿಂತು, ತಿರುಗಿ ಬಂದಳು.

ಮರುದಿನ ಕಾಂತಪ್ಪ, “ನಾನು ಸ್ಟೇಷನ್ನಿನ ನಲ್ಲಿಯಿಂದ ತರ್ತೇನೆ, ನೀನು ಹೊರಗೆ ಹೋಗ್ಬೇಡ” ಎಂದು ಹೇಳಿ ಹೋಗಿದ್ದ. ಅವನು ಬರುವುದು ನಾಲ್ಕಕ್ಕೆ. ಬಿಸಿಲು ಏರಿದಮೇಲೆ ಶೀಲಾವತಿ ಖಾಲಿ ಕೊಡ ಎತ್ತಿಕೊಂಡು, ಬಾಗಿಲ ಮೇಲಿನ ತೆನೆಯ ಕೆಳಗೆ ಬಾಗಿ ಹೊರಗೆ ಬಂದು, ಹೊಂಗೆಯ ಮರದ ಹತ್ತಿರ ನಿಂತಳು. ಕ್ವಾರಿಗೆ ಹೋಗಬೇಕಾದರೂ ಆ ದಾರಿಯೇ. ಬಾವಿಕಟ್ಟೆಯಲ್ಲಿ ಹೆಂಗಸರು ಅವಳ ಕಡೆ ತಿರುಗಿದರು. ನೆರಳಿನಲ್ಲಿ, ನಿನ್ನೆ ಭಾಗವ್ವನ ಕಾಲ ಬೆರಳು ಕೆದಕಿದ ಮಣ್ಣಿನ ಸಣ್ಣ ಗುಳಿ ಹಾಗೇ ಇತ್ತು.

ಭಾಗವ್ವ ಕಟ್ಟೆಯ ಮೇಲಿದ್ದಳು. ಹೊಂಡಕ್ಕೆ ಉರುಳಿ ತಗ್ಗಾದ ಕೊಡವನ್ನೇ ತುಂಬಿ, ತಲೆಗೇರಿಸಿ, ಇಳಿದು ಬಂದಳು. ನೇರ ದಾರಿಯಲ್ಲಿ, ಎಲ್ಲರೂ ನೋಡುತ್ತಿರುವಾಗ, ಬಿಸಿಲಿನಲ್ಲಿ. ಶೀಲಾವತಿ, “ಭಾಗಕ್ಕ” ಎಂದಳು. ಭಾಗವ್ವ ತುಟಿ ಬಿಗಿದುಕೊಂಡಿದ್ದಳು. “ಮೊಣಕಾಲು ಹೇಗುಂಟು?” ಎಂದಳು. ಅದಕ್ಕೂ ಉತ್ತರವಿಲ್ಲ. ಎದುರಿಗೆ ಬಂದು ನಿಂತು, ಕೊಡ ಇಳಿಸಿ, ಅದನ್ನು ಬಗ್ಗಿಸಿ ಶೀಲಾವತಿಯ ಕೊಡಕ್ಕೆ ನೀರು ಸುರಿಯತೊಡಗಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಕಟ್ಟೆಯ ಮೇಲೆ ದೇವಲಿ ಅತ್ತೆಯ ಮುಖ ನೋಡಿದಳು. ಅತ್ತೆ ಬಾವಿಯೊಳಗೆ ಇಣುಕಿ, ಏನೋ ಬಿದ್ದಿದೆ ಎಂಬಂತೆ, ಬಹಳ ಹೊತ್ತು ಅಲ್ಲೇ ನೋಡುತ್ತಿದ್ದಳು.

ಕಡೆಯ ಹನಿ ಇಳಿದಮೇಲೆ ಭಾಗವ್ವ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು, ತುಟಿ ಸಡಿಲಿಸಿದಳು.

“ಈಗ ಕೇಳು, ಏನ್ ಕೇಳ್ತಿದ್ದಿ,” ಎಂದಳು. “ತಲಿ ಮ್ಯಾಲ ತುಂಬಿದ್ದು ಇದ್ದಾಗ ಮಾತಾಡಬಾರದು ಅಂತ ನೀನೇ ಹೇಳಿದ್ದಿಲ್ಲೇನು?”